ಹಾಡು ಮಾರಾಯ, ಪ್ರವಚನ ಬೇಡ

ಒಂದು ಹಳೇ ಕಪ್ಪು ಬಿಳುಪು ವಿಡಿಯೊ ಇದೆ. ಸುತ್ತ ಕನ್ನಡಿಗಳು, ಕುಣಿಯುವ ಹುಡುಗಿಯರು. ನಡುವೆ ಉದ್ದ ಕೈಕಾಲಿನ, ಅಗಲ ಹಣೆಯ ಒಬ್ಬ ಮನುಷ್ಯ, ತನ್ನ ಸೊಂಟಕ್ಕೂ ಮೊಣಕಾಲಿಗೂ ಪರಿಚಯವೇ ಇಲ್ಲದವನ ಹಾಗೆ ನಡೆಯುತ್ತಾ ಏನೋ ಹಾಡುತ್ತಿರುತ್ತಾನೆ. ಕೇಳಿದರೆ ಇಂಗ್ಲಿಷ್ ಅನ್ನಿಸುತ್ತದೆ. ಕಿವಿಗೊಟ್ಟು ಕೇಳಿದರೆ ಒಂದು ಪದವೂ ತಲೆಗೆ ಹತ್ತುವುದಿಲ್ಲ. ಹತ್ತೋಕೆ ಅಲ್ಲಿ ಪದವಾದರೂ ಎಲ್ಲಿದೆ? ನಡುನಡುವೆ ಬರುವ 'ಆಲ್ ರೈಟ್' ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಸುಮ್ನೆ ಶಬ್ದ. ನಿಮ್ಮ ವಾಟ್ಸಾಪಿಗೂ ಯಾವತ್ತೋ ಬಂದಿರಬಹುದು ಅದು. ಹಾಡಿದವನು ಇಟಲಿಯ ಗಾಯಕ, ನಟ ಅದ್ರಿಯಾನೊ ಚೆಲೆಂತಾನೊ. ಪಕ್ಕದಲ್ಲಿ ಕುಣಿಯುವವಳು ರಫಾಯೆಲ್ಲಾ ಕರ್ರಾ. 1974ರಲ್ಲಿ ಇಟಲಿಯ ಸರ್ಕಾರಿ ಟಿವಿಯಲ್ಲಿ ಬಂದ ಕಾರ್ಯಕ್ರಮ.

ನಾನೂ ಈ ಬಾಗಿಲಿನಿಂದಲೇ ಅವನ ಲೋಕಕ್ಕೆ ಹೋದವನು. ಹೋದ ಮೇಲೆ ಹೊರಗೆ ಬರಲು ಸ್ವಲ್ಪ ಕಷ್ಟವಾಯಿತು, ಯಾಕೆಂದರೆ ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು. ಅರ್ಥವೇ ಇಲ್ಲದ ಹಾಡು ಹಾಡಿದರೆ ಜಗತ್ತು ತಲೆದೂಗುತ್ತದೆ. ತನ್ನ ಓಣಿಯ ಕಥೆ ಹೇಳಿದರೆ ಊರೆಲ್ಲ ಕಣ್ಣೊರೆಸಿಕೊಳ್ಳುತ್ತದೆ. ಅಷ್ಟಕ್ಕೆ ಸುಮ್ಮನಿರಬಾರದಾ? ಇಲ್ಲ. ಅವನಿಗೆ ಜಗತ್ತನ್ನು ತಿದ್ದಬೇಕು. ಮೈಕ್ ಕೈಗೆ ಸಿಕ್ಕರೆ ಪ್ರವಚನ ಶುರು. ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಇಟಲಿಯ ಜನ ಈ ಇಬ್ಬರು ಚೆಲೆಂತಾನೊಗಳ ಜೊತೆ ಏಗಿದ್ದಾರೆ.

ಹುಟ್ಟಿದ್ದು 1938ರ ಜನವರಿ 6ರಂದು, ಮಿಲಾನಿನಲ್ಲಿ. ವಿಯಾ ಗ್ಲುಕ್ ಎಂಬ ಬೀದಿ, ಮನೆ ನಂಬರ್ 14. ಮಿಲಾನಿನ ದೊಡ್ಡ ರೈಲು ನಿಲ್ದಾಣದ ಹಿಂಬದಿ ಅದು. ಈಗ ನಗರದ ಒಳಗೇ ಸೇರಿಹೋಗಿದೆ, ಆಗ ಊರಂಚು. ಅಪ್ಪ ಅಮ್ಮ ದಕ್ಷಿಣದ ಪುಲಿಯಾ ಪ್ರಾಂತ್ಯದ ಫೊಜ್ಜಾ ಕಡೆಯವರು, ಹೊಟ್ಟೆಪಾಡಿಗೆ ಉತ್ತರಕ್ಕೆ ಬಂದವರು. ಅಮ್ಮ ಜುದಿತ್ತಾ ಬಟ್ಟೆ ಹೊಲಿಯುತ್ತಿದ್ದಳು. ಇವನು ಹುಟ್ಟುವ ಹೊತ್ತಿಗೆ ಅವಳಿಗೆ ನಲವತ್ತು ದಾಟಿತ್ತು. ಮನೆಗೆ ಕೊನೆಯ ಮಗು, ಮುದ್ದು ಹೇಗಿರಬೇಕು ಲೆಕ್ಕ ಹಾಕಿ. ಓದು ತಲೆಗೆ ಹತ್ತಲಿಲ್ಲ. ಬೇಗನೇ ಶಾಲೆ ಬಿಟ್ಟು ಅಲ್ಲಿ ಇಲ್ಲಿ ಕೆಲಸ ಮಾಡಿ ಕೊನೆಗೆ ಗಡಿಯಾರ ರಿಪೇರಿಗೆ ಕೂತ. ಆ ಕೆಲಸವೆಂದರೆ ಅವನಿಗೆ ಯಾವತ್ತೂ ಒಲವು. ದೊಡ್ಡ ಸ್ಟಾರ್ ಆದ ಮೇಲೂ ಗಡಿಯಾರದ ಮಾತು ಬಂದರೆ ಬಿಡುತ್ತಿರಲಿಲ್ಲ.

ಆಮೇಲೆ ಬಿಲ್ ಹೇಲಿಯ ರಾಕ್ ಬಂತು. ಅಮೆರಿಕದ ಆ ಶಬ್ದ ಯೂರೋಪಿನ ಎಷ್ಟು ಹುಡುಗರ ಕೆಲಸ ಕೆಡಿಸಿತೋ ಲೆಕ್ಕ ಇಟ್ಟವರಿಲ್ಲ. ಚೆಲೆಂತಾನೊ ಆಗಲೇ ಅಮೆರಿಕದ ಹಾಸ್ಯನಟ ಜೆರ್ರಿ ಲೂಯಿಸ್‌ನ ಅಣಕು ಮಾಡಿ ಗೆಳೆಯರನ್ನು ನಗಿಸುತ್ತಿದ್ದ. ಅವನ ಹಾವಭಾವದ ಮೂಲ ನಿಜಕ್ಕೂ ಅದೇ ಅನ್ನುವುದು ನನ್ನ ಅಂದಾಜು. ಗಾಯಕನಿಗಿಂತ ಮೊದಲು ಅವನು ಮೈಯಿಂದ ನಗಿಸುವವನು. 1957ರ ಮೇ 18ರಂದು ಮಿಲಾನಿನ ಐಸ್ ಪ್ಯಾಲೇಸಿನಲ್ಲಿ ಇಟಲಿಯ ಮೊದಲ ರಾಕ್ ಅಂಡ್ ರೋಲ್ ಹಬ್ಬ ನಡೆಯಿತು. ಅಲ್ಲಿ ಇವನು ಹಾಡಿದ, ಮರುದಿನದಿಂದ ಗಡಿಯಾರದ ಅಂಗಡಿಗೆ ಇವನ ಭರವಸೆ ಉಳಿಯಲಿಲ್ಲ. ಆ ಕಾಲದ ಅವನ ತಂಡದಲ್ಲಿ ಯಾರು ಯಾರಿದ್ದರು ನೋಡಿ: ಗಿಟಾರಿಗೆ ಜಾರ್ಜೊ ಗಾಬೆರ್, ಪಿಯಾನೊಗೆ ಎನ್ಜೊ ಯನ್ನಾಚ್ಚಿ. ಗಾಬೆರ್ ಮುಂದೆ ಹಾಡು ಮತ್ತು ಮಾತನ್ನು ಬೆರೆಸಿ ತನ್ನದೇ ರಂಗಭೂಮಿ ಕಟ್ಟಿದ. ಯನ್ನಾಚ್ಚಿ ಒಂದು ಕಡೆ ಹಾಡು ಕಟ್ಟುತ್ತಾ ಇನ್ನೊಂದು ಕಡೆ ಡಾಕ್ಟರಿಕೆ ಮಾಡಿದ. ಒಂದೇ ಊರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ವೇದಿಕೆಯ ಮೂವರು ಹುಡುಗರು. ಇಂಥ ಕಾಕತಾಳೀಯ ಆಗಾಗ ಆಗುವುದಲ್ಲ.

ಇಟಲಿಯ ಹಾಡು ಆಗ ಅಂದರೆ ಎದೆ ಮುಂದೆ ಮಾಡಿ, ಒಂದು ಕೈ ಚಾಚಿ, ಅಮ್ಮನ ಬಗ್ಗೆಯೋ ಚಂದ್ರನ ಬಗ್ಗೆಯೋ ಸ್ವರ ಎಳೆಯುವುದು. ಈ ಹುಡುಗರು ಅರಚುತ್ತಿದ್ದರು. ಪತ್ರಿಕೆಗಳೂ ಇವರನ್ನು ಅರಚುವವರು ಎಂದೇ ಕರೆದವು. ಬೈಗುಳವನ್ನೇ ಬಿರುದು ಮಾಡಿಕೊಂಡು ಅದೇ ಹೆಸರಿನಲ್ಲಿ ಸಿನಿಮಾ ಕೂಡ ಬಂತು, ಅದರಲ್ಲಿ ಚೆಲೆಂತಾನೊ, ಮೀನಾ ಇಬ್ಬರೂ ಇದ್ದರು. ಈ ಮೀನಾ ಇಟಲಿಯ ಅತಿ ದೊಡ್ಡ ಗಾಯಕಿ, ಅವಳ ಹೆಸರು ಮುಂದೆ ಮತ್ತೆ ಬರುತ್ತದೆ. ಚೆಲೆಂತಾನೊಗೆ ಇನ್ನೊಂದು ಅಡ್ಡಹೆಸರು ಸಿಕ್ಕಿತು, ಸ್ಪ್ರಿಂಗ್ ಹಾಕಿದವನು ಅಂತ. ಅವನು ಕುಣಿಯುವುದನ್ನು ನೋಡಿದರೆ ಬೇರೆ ಹೆಸರು ಹೊಳೆಯುವುದೇ ಇಲ್ಲ. ಸಿನಿಮಾ ನಿರ್ದೇಶಕ ಫೆಲ್ಲಿನಿ ಕೂಡ ಇವನನ್ನು ಕಂಡ. 1960ರ 'ಲಾ ದೋಲ್ಚೆ ವೀತಾ' ನೋಡಿದವರು ನೆನಪು ಮಾಡಿಕೊಳ್ಳಿ: ರೋಮಿನ ಹಳೇ ಸ್ನಾನಗೃಹಗಳ ಅವಶೇಷದ ನಡುವೆ ಒಂದು ರಾತ್ರಿ ಕುಣಿತ, ನಟಿ ಅನಿತಾ ಎಕ್‌ಬರ್ಗ್ ಬರಿಗಾಲಲ್ಲಿ. ಅಲ್ಲಿ ಲಿಟಲ್ ರಿಚರ್ಡ್‌ನ ಹಾಡನ್ನು ಕಿರುಚುತ್ತಾ ನೆಲಕ್ಕೆ ಬೀಳುವ ಹಾಗೆ ಬಾಗುವ ಹುಡುಗ ಇವನೇ. ಸ್ವಲ್ಪ ಹೊತ್ತಿನ ದೃಶ್ಯ. ಆದರೆ ಅಷ್ಟು ಹೊತ್ತು ಎಕ್‌ಬರ್ಗ್ ಇದ್ದರೂ ಕಣ್ಣು ಇವನ ಕಡೆ ಹೋಗುತ್ತದೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

1961ರಲ್ಲಿ ಸಾನ್ರೆಮೊ. ಆ ಊರಿನ ಹಾಡಿನ ಸ್ಪರ್ಧೆ ಇಟಲಿಯವರಿಗೆ ವರ್ಷಕ್ಕೊಮ್ಮೆ ಬರುವ ಜಾತ್ರೆ, ಜಗಳ, ಬೆಟ್ಟಿಂಗು ಎಲ್ಲ ಸೇರಿದ್ದು. ಚೆಲೆಂತಾನೊ ಆಗ ಕಡ್ಡಾಯ ಸೇನಾ ಸೇವೆಯಲ್ಲಿದ್ದ. ಹಾಡೋಕೆ ಹೋಗಬೇಕು ಅಂದರೆ ರಜೆ ಬೇಕು. ಆ ವಿಶೇಷ ರಜೆ ಕೊಟ್ಟವನು ಆಗಿನ ರಕ್ಷಣಾ ಮಂತ್ರಿ ಜೂಲಿಯೊ ಆಂದ್ರೆಯೊತ್ತಿ, ಮುಂದೆ ಮತ್ತೆ ಮತ್ತೆ ಪ್ರಧಾನಿಯಾದವನು. ಮಂತ್ರಿಯಿಂದ ರಜೆ ಹಾಕಿಸಿಕೊಂಡು ಬಂದ ಸಿಪಾಯಿ ವೇದಿಕೆ ಹತ್ತಿ ಏನು ಮಾಡಿದ? ಸಂಗೀತ ಶುರುವಾಗುತ್ತಿದ್ದಂತೆ ಸಭೆಗೆ ಬೆನ್ನು ತೋರಿಸಿ ನಿಂತ. ಸೂಟು ಬೂಟಿನ ದೊಡ್ಡವರು, ಆರ್ಕೆಸ್ಟ್ರಾ, ದೇಶವೆಲ್ಲ ನೋಡುವ ಕ್ಯಾಮೆರಾ. ಅವರೆಲ್ಲರಿಗೂ ಮೊದಲು ಕಂಡದ್ದು ಅವನ ಬೆನ್ನು. ಆಮೇಲೆ ತಿರುಗಿ, 24 ಸಾವಿರ ಮುತ್ತುಗಳ ಹಾಡು ಹಾಡಿದ. ದೊಡ್ಡ ಗಲಾಟೆಯೇ ಆಯಿತು. ಎರಡನೇ ಸ್ಥಾನ ಬಂತು. ಮೊದಲು ಗೆದ್ದ ಹಾಡು ಒಳ್ಳೆಯದೇ, ಆದರೆ ರೆಕಾರ್ಡು ಮಾರಾಟವಾದದ್ದು, ಪೋರರು ಹಾಡಿಕೊಂಡು ತಿರುಗಿದ್ದು ಈ ಮುತ್ತಿನ ಹಾಡನ್ನು. ಅಂದ ಹಾಗೆ ಇದರ ಸಾಹಿತ್ಯದಲ್ಲಿ ಕೈಯಿದ್ದವರಲ್ಲಿ ಒಬ್ಬ ಲೂಚೊ ಫುಲ್ಚಿ. ಮುಂದೆ ರಕ್ತ ಸೋರುವ ಹಾರರ್ ಸಿನಿಮಾಗಳಿಗೆ ಹೆಸರಾದ ಅದೇ ಫುಲ್ಚಿ! ಮುತ್ತಿನಿಂದ ಹೆಣದವರೆಗೆ, ಒಂದೇ ಪೆನ್ನು.

ಆ ಬೆನ್ನು ತಿರುಗಿಸಿದ್ದು ಪ್ಲಾನ್ ಮಾಡಿದ್ದೋ ಇಲ್ಲವೋ ಅನ್ನುವ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ. ಅವನು ಏನೂ ಹೇಳದೆ ಎಲ್ಲ ಹೇಳಿದ, ಅಷ್ಟೇ. ನಿಮ್ಮ ಹಾಡು ಹಳತಾಯಿತು ಅಂತ ಭಾಷಣ ಮಾಡಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ.

ಅದೇ ವರ್ಷದ ಕೊನೆಗೆ ಸ್ವಂತ ರೆಕಾರ್ಡ್ ಕಂಪನಿ ಶುರು ಮಾಡಿದ, ಹೆಸರು 'ಕ್ಲಾನ್ ಚೆಲೆಂತಾನೊ'. ಅಮೆರಿಕದ ಗಾಯಕ ಸಿನಾತ್ರಾ ಮತ್ತು ಅವನ ಗೆಳೆಯರ ಗುಂಪು ಇತ್ತಲ್ಲ, ಅದೇ ಮಾದರಿ. ಇಪ್ಪತ್ತಮೂರು ವರ್ಷದ ಹುಡುಗ ದೊಡ್ಡ ಕಂಪನಿಗಳಿಗೆ ಕೈಮುಗಿದು, ಗೆಳೆಯರನ್ನು, ನೆಂಟರನ್ನು ಕಟ್ಟಿಕೊಂಡು ಧಣಿಯಾದ. ಸೋದರಳಿಯ ಜೀನೊ ಸಾಂತೆರ್ಕೊಲೆ ಗಿಟಾರು ಹಿಡಿದು ಜೊತೆಗಿದ್ದ, ಅವನು ಕಟ್ಟಿದ ಕೆಲವು ರಾಗಗಳು ಮಾವನಿಗಿಂತ ಚೆಂದ ಅಂತ ನಾನು ಹೇಳಿದರೆ ಇಟಲಿಯವರು ಒಪ್ಪುವುದಿಲ್ಲವೇನೋ. ಗೆಳೆಯರ ಗುಂಪಿನಲ್ಲಿ ದುಡ್ಡು ಬಂದರೆ ಆಗುವುದೇ ಇಲ್ಲೂ ಆಯಿತು. ದೋನ್ ಬಾಕಿ ಎಂಬ ಒಳ್ಳೇ ಗಾಯಕ ಹಣದ ಲೆಕ್ಕದಲ್ಲಿ ಮುನಿಸಿಕೊಂಡು ಹೊರಟ. ಮಾತು ಕೋರ್ಟಿಗೂ ಹೋಯಿತು. ವಿಚಿತ್ರ ಅಂದರೆ ಅದೇ ಹೊತ್ತಿಗೆ, 1968ರ ಸಾನ್ರೆಮೊದಲ್ಲಿ, ಚೆಲೆಂತಾನೊ ಹಾಡಿದ್ದು ದೋನ್ ಬಾಕಿ ಕಟ್ಟಿದ ಹಾಡನ್ನೇ.

ಮದುವೆಯ ಕಥೆಯೂ ಸಿನಿಮಾದ್ದೇ. 1963ರ ಒಂದು ಸಿನಿಮಾದ ಸೆಟ್ಟಿನಲ್ಲಿ ಕ್ಲೌದಿಯಾ ಮೋರಿ ಸಿಕ್ಕಳು. 1964ರ ಜುಲೈನಲ್ಲಿ ಗ್ರೊಸ್ಸೆತೊ ಊರಿನ ಚರ್ಚಿನಲ್ಲಿ ರಾತ್ರಿ ಹೊತ್ತು, ಫೋಟೊದವರಿಗೆ ಗೊತ್ತಾಗದ ಹಾಗೆ, ಮದುವೆಯಾದರು. ಮೂವರು ಮಕ್ಕಳು: ರೊಸೀತಾ, ಜಾಕೊಮೊ, ರೊಸಲಿಂದಾ. ಮೆಲ್ ಗಿಬ್ಸನ್ ಮಾಡಿದ ಯೇಸುವಿನ ಸಿನಿಮಾದಲ್ಲಿ ಹುಬ್ಬಿಲ್ಲದ ಮುಖದ ಸೈತಾನ ಇದ್ದಾನಲ್ಲ, ಆ ಪಾತ್ರ ಮಾಡಿದವಳು ಈ ಕೊನೆಯ ಮಗಳು. ಕ್ಲೌದಿಯಾ ಮುಂದೆ ನಟನೆ ಕಡಿಮೆ ಮಾಡಿ ಗಂಡನ ಕಂಪನಿಯನ್ನೇ ನಡೆಸಿದಳು. ಅವಳು ಇಲ್ಲದಿದ್ದರೆ ಈ ಮನುಷ್ಯ ಲೆಕ್ಕಪತ್ರದಲ್ಲಿ ಎಂದೋ ಮುಳುಗಿರುತ್ತಿದ್ದ ಅಂತ ನನ್ನ ಗುಮಾನಿ.

ಈಗ ಅವನ ಹಾಡುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದಕ್ಕೆ ಬರುತ್ತೇನೆ. 1966, 'ವಿಯಾ ಗ್ಲುಕ್‌ನ ಹುಡುಗ'. ರಾಗ ಅವನದು, ಮಾತು ಲುಚಾನೊ ಬೆರೆತ್ತಾ ಮತ್ತು ಮೀಕಿ ದೆಲ್ ಪ್ರೆತೆ ಅವರದು. ಕಥೆ ಇಷ್ಟೇ. ಊರಂಚಿನ ಬೀದಿಯಲ್ಲಿ ಹುಟ್ಟಿದ ಒಬ್ಬ ಗೆಳೆಯ ಪೇಟೆಗೆ ಹೊರಟಿದ್ದಾನೆ. ಹೊರಡುವಾಗ ಅಳುತ್ತಾನೆ. ಅಳೋದ್ಯಾಕೆ, ನಿನಗೆ ಖುಷಿಯಾಗಬೇಕಲ್ವಾ, ಪೇಟೆಯಲ್ಲಿ ಎಲ್ಲ ಸಿಗುತ್ತದೆ, ಸ್ನಾನಕ್ಕೆ ಕೆಳಗಿನ ಅಂಗಳಕ್ಕೆ ಇಳಿದು ಹೋಗಬೇಕಾಗಿಲ್ಲ, ಮನೆಯೊಳಗೇ ಆಗುತ್ತದೆ ಅಂತ ಇನ್ನೊಬ್ಬ ಸಮಾಧಾನ ಮಾಡುತ್ತಾನೆ. ನೀವು ಇಲ್ಲೇ ಬರಿಗಾಲಲ್ಲಿ ಹುಲ್ಲಿನ ಮೇಲೆ ಆಡುತ್ತೀರಿ, ನಾನು ಅಲ್ಲಿ ಸಿಮೆಂಟು ಉಸಿರಾಡಬೇಕು ಅಂತ ಅವನ ಉತ್ತರ. ವರ್ಷಗಳು ಹೋಗುತ್ತವೆ. ದುಡ್ಡು ಬರುತ್ತದೆ. ಹಳೇ ಮನೆಯನ್ನು ಕೊಂಡುಕೊಳ್ಳುತ್ತೇನೆ ಅಂತ ವಾಪಸು ಬಂದರೆ ಗೆಳೆಯರು ಇಲ್ಲ, ಹುಲ್ಲೂ ಇಲ್ಲ, ಮನೆ ಮೇಲೆ ಮನೆ, ಟಾರು, ಸಿಮೆಂಟು.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹಾಡಿನಲ್ಲಿ ಆ ಬಾತ್‌ರೂಮಿನ ಮಾತು ಇದೆಯಲ್ಲ, ಇಡೀ ಹಾಡು ಅದರ ಮೇಲೆ ನಿಂತಿದೆ ಅನ್ನುತ್ತೇನೆ. ಸುಮ್ನೆ ಹಳ್ಳಿ ಚೆಂದ, ಪೇಟೆ ಕೆಟ್ಟದ್ದು ಅಂದಿದ್ದರೆ ಅದು ಗೋಳಾಟ. ಆದರೆ ಇಲ್ಲಿ ಪೇಟೆಗೆ ಹೋಗುವುದಕ್ಕೆ ನಿಜವಾದ ಕಾರಣ ಇದೆ. ಚಳಿಗಾಲದಲ್ಲಿ ಅಂಗಳಕ್ಕಿಳಿದು ಮೈ ತೊಳೆಯುವುದು ಯಾರಿಗೂ ಇಷ್ಟವಲ್ಲ. ಯುದ್ಧ ಮುಗಿದ ಮೇಲಿನ ಇಟಲಿಯಲ್ಲಿ ಕಾರ್ಖಾನೆ ಬೆಳೆದವು, ದಕ್ಷಿಣದಿಂದ ಲಕ್ಷಗಟ್ಟಲೆ ಜನ ಮಿಲಾನು, ತೊರೀನೊ ಕಡೆ ಬಂದರು, ಅವರಿಗೆಲ್ಲ ಮನೆ ಬೇಕಾಯಿತು. ಸಿಮೆಂಟು ಸುರಿದದ್ದು ಸುಮ್ನೆ ಅಲ್ಲ. ಚೆಲೆಂತಾನೊ ಕುಟುಂಬವೇ ಹಾಗೆ ಬಂದದ್ದು. ಹಾಡು ಅದನ್ನು ಮರೆಮಾಚುವುದಿಲ್ಲ, ಹಾಗಾಗಿಯೇ ಕೊನೆಗೆ ಮನೆ ಯಾಕೆ ಕಟ್ಟುತ್ತಲೇ ಇರುತ್ತಾರೆ, ಹುಲ್ಲನ್ನು ಯಾಕೆ ಬಿಡುವುದಿಲ್ಲ ಅಂತ ಅವನು ಕೇಳುವಾಗ ಅದು ಉಪದೇಶ ಅನ್ನಿಸುವುದಿಲ್ಲ. ಕಕ್ಕಾಬಿಕ್ಕಿಯಾದ ಹುಡುಗ ಕೇಳಿದ ಹಾಗಿರುತ್ತದೆ. ಪರಿಸರ ಅನ್ನುವ ಪದ ಪೇಪರಿನಲ್ಲಿ ಇನ್ನೂ ಸವೆಯದ ಕಾಲ ಅದು.

ಸಾನ್ರೆಮೊದಲ್ಲಿ ಈ ಹಾಡಿಗೆ ಏನಾಯಿತು? ಮೊದಲ ಸುತ್ತಿನಲ್ಲೇ ಔಟ್. ಆ ವರ್ಷ ಗೆದ್ದವನು ಮೊದುಞೊ, ಇನ್ನೊಬ್ಬ ದಕ್ಷಿಣದವನು, ಇನ್ನೊಬ್ಬ ಗಾಯಕ-ನಟ. ಆದರೆ ಹೊರಬಿದ್ದ ಹಾಡು ಗಡಿ ದಾಟಿತು. ಅದೇ ವರ್ಷ ಫ್ರಾನ್ಸಿನಲ್ಲಿ ಫ್ರಾನ್ಸ್ವಾಜ್ ಆರ್ದಿ ಅದನ್ನು ತಾನು ಬೆಳೆದ ಮನೆಯ ಹಾಡಾಗಿ ಮಾಡಿಕೊಂಡಳು, ಅಮೆರಿಕದಲ್ಲಿ ವರ್ಡೆಲ್ ಸ್ಮಿತ್ ಟಾರು ಮತ್ತು ಸಿಮೆಂಟು ಅಂತ ಹಾಡಿದಳು. ತೀರ್ಪುಗಾರರಿಗೆ ಬೇಡವಾದದ್ದನ್ನು ಬೇರೆ ಎರಡು ದೇಶ ಎತ್ತಿಕೊಂಡವು.

ಇಲ್ಲಿಗೆ ನಿಲ್ಲಿಸಿದ್ದರೆ! ಮುಂದಿನ ವರ್ಷ ಹೆಂಡತಿಯ ಜೊತೆ ಸೇರಿ 'ಜಗತ್ತಿನ ಅತ್ಯಂತ ಸುಂದರ ಜೋಡಿ' ಅಂತ ಹಾಡಿದ. ನಾವಿಬ್ಬರು ಜಗತ್ತಿನಲ್ಲೇ ಚೆಂದ, ಪ್ರೀತಿ ಗೊತ್ತಿಲ್ಲದ ಮಿಕ್ಕವರನ್ನು ನೋಡಿದರೆ ಪಾಪ ಅನ್ನಿಸುತ್ತದೆ ಅನ್ನುವ ಧಾಟಿ. ದೇಶದಲ್ಲಿ ವಿಚ್ಛೇದನದ ಕಾನೂನು ಬೇಕೋ ಬೇಡವೋ ಅನ್ನುವ ಜಗಳ ನಡೆಯುತ್ತಿದ್ದ ಹೊತ್ತು. 1969ರಲ್ಲಿ ಇಟಲಿಯ ಕಾರ್ಖಾನೆಗಳಲ್ಲಿ ಮುಷ್ಕರದ ಮೇಲೆ ಮುಷ್ಕರ. 1970ರ ಸಾನ್ರೆಮೊಗೆ ಇವನು ತಂದದ್ದು 'ದುಡಿಯದವನಿಗೆ ಪ್ರೀತಿ ಇಲ್ಲ' ಅನ್ನುವ ಹಾಡು: ಮುಷ್ಕರ ಮಾಡಿ ಮನೆಗೆ ಬಂದ ಗಂಡನಿಗೆ ಹೆಂಡತಿ ಹಾಸಿಗೆಯಲ್ಲಿ ಜಾಗ ಕೊಡುವುದಿಲ್ಲ. ತಮಾಷೆ ಅಂದರೆ ತಮಾಷೆ. ಆದರೆ ಗೇಟಿನ ಮುಂದೆ ಸಂಬಳಕ್ಕೆ ಕೂತಿದ್ದವನಿಗೆ ಅದು ತಮಾಷೆಯಾಗಿ ಕೇಳಿಸಿರಲಿಕ್ಕಿಲ್ಲ. ಕಾರ್ಮಿಕರು ಸಿಟ್ಟಾದರು. ಈ ಸಲ ಮಾತ್ರ ಸಾನ್ರೆಮೊ ಮೊದಲ ಬಹುಮಾನ ಕೊಟ್ಟಿತು! ವಿಯಾ ಗ್ಲುಕ್‌ಗೆ ಬಾಗಿಲು ಹಾಕಿ ಇದಕ್ಕೆ ಹಾರ. ಸ್ಪರ್ಧೆಗಳ ಮೇಲೆ ನನಗೆ ನಂಬಿಕೆ ಹೋಗಲು ಇಂಥವೇ ಕಾರಣ.

ಈ ಎರಡರ ನಡುವೆ, 1968ರಲ್ಲಿ, 'ಅದ್ಜುರ್ರೊ' ಬಂತು, ಅಂದರೆ ನೀಲಿ. ರಾಗ ಕಟ್ಟಿದವನು ಪಾವೊಲೊ ಕೊಂತೆ. ಆಗಿನ್ನೂ ಅಸ್ತಿ ಊರಿನಲ್ಲಿ ವಕೀಲಿ ಮಾಡುತ್ತಿದ್ದ. ಮಾತು ವೀತೊ ಪಲ್ಲವಿಚೀನಿಯದು. ಬೇಸಿಗೆ, ಹುಡುಗಿ ಸಮುದ್ರ ತೀರಕ್ಕೆ ಹೋಗಿದ್ದಾಳೆ, ಇವನೊಬ್ಬ ಊರಲ್ಲಿ. ಮಧ್ಯಾಹ್ನ ಜಾಸ್ತಿ ಉದ್ದ, ಜಾಸ್ತಿ ನೀಲಿ. ಮನೆಯ ಹಿತ್ತಲಲ್ಲಿ ಕಣಗಿಲೆ ಗಿಡದ ಸುತ್ತ ಆಫ್ರಿಕಾ ಹುಡುಕುತ್ತಾನೆ. ರೈಲು ಹತ್ತಿ ಅವಳಿರುವಲ್ಲಿಗೆ ಹೋಗಿಬಿಡಲೇ ಅನ್ನಿಸುತ್ತದೆ, ಆದರೆ ಅವನ ಆಸೆಗಳ ರೈಲು ಮನಸ್ಸಿನಲ್ಲಿ ಹಿಮ್ಮುಖವಾಗಿ ಓಡುತ್ತದೆ. ಯಾರಿಗೂ ಬುದ್ಧಿ ಹೇಳುವುದಿಲ್ಲ ಈ ಹಾಡು. ಸಿಪಾಯಿಗಳ ಮಾರ್ಚಿನ ಹಾಗೆ ದಡದಡ ನಡೆಯುತ್ತದೆ, ಆದರೆ ಒಳಗೆ ಬೇಜಾರು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಇಟಲಿ ಮನೆಯೊಳಗೆ ಬೀಗ ಹಾಕಿಕೊಂಡಾಗ ಜನ ಬಾಲ್ಕನಿಗೆ ಬಂದು ಹಾಡಿದ ಹಾಡುಗಳಲ್ಲಿ ಇದೂ ಒಂದು. ಎಲ್ಲಿಗೂ ಹೋಗಲಾರದೆ ಮನೆಯಲ್ಲಿ ಉಳಿದವನ ಹಾಡು ಅಲ್ವಾ, ಅದಕ್ಕಿಂತ ಸರಿಯಾದದ್ದು ಯಾವುದಿತ್ತು?

ಈಗ ಆ ಕನ್ನಡಿಯ ವಿಡಿಯೊದ ಹಾಡು. ಹೆಸರು 'ಪ್ರಿಸೆಂಕೊಲಿನೆನ್ಸಿನಾಯ್ನ್‌ಚ್ಯೂಸೊಲ್'. ಒಂದೇ ಉಸಿರಿನಲ್ಲಿ ಹೇಳಿದವರಿಗೆ ನನ್ನ ಕಡೆಯಿಂದ ಕಾಫಿ. 1972ರ ಕೊನೆಗೆ ರೆಕಾರ್ಡ್ ಬಂತು. ಹಿಂದೆ ಡ್ರಮ್ಮಿನ ಒಂದೇ ತುಂಡು ಸುತ್ತುತ್ತಾ ಇರುತ್ತದೆ, ರಾಗ ಅಂತ ಏನೂ ಇಲ್ಲ, ಒಂದೇ ಸ್ವರಮೇಳದ ಮೇಲೆ ಕುಟ್ಟುತ್ತಾ ಹೋಗುತ್ತದೆ. ನಡುವೆ ತುತ್ತೂರಿಗಳು. ಅದರ ಮೇಲೆ ಬಾಯಿಗೆ ಬಂದದ್ದನ್ನು ಅಮೆರಿಕದ ಧಾಟಿಯಲ್ಲಿ ಒದರಿದ್ದಾನೆ. ಇವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಟಲಿಯ ಹುಡುಗರಿಗೂ ಬರುತ್ತಿರಲಿಲ್ಲ, ಆದರೂ ಇಂಗ್ಲಿಷ್ ಹಾಡು ಅಂದರೆ ಪ್ರಾಣ. ಅರ್ಥ ಆಗದೇ ಇಷ್ಟಪಡುತ್ತೀರಲ್ಲ, ತಗೊಳ್ಳಿ, ಅರ್ಥವೇ ಇಲ್ಲದ್ದು ಅಂತ ಕೊಟ್ಟ.

ಮೊದಲಿಗೆ ಊರಲ್ಲಿ ಅಷ್ಟಾಗಿ ಯಾರೂ ತಿರುಗಿ ನೋಡಲಿಲ್ಲ. ಟಿವಿಯಲ್ಲಿ ಬಂದ ಮೇಲೆ ಹತ್ತಿಕೊಂಡಿತು. ಕನ್ನಡಿಯದ್ದಕ್ಕಿಂತ ಮುಂಚೆ ಇನ್ನೊಂದು ಟಿವಿ ದೃಶ್ಯ ಇದೆ, ನನಗೆ ಅದೇ ಮೇಲು. ಶಾಲೆಯ ಕೋಣೆ. ಚೆಲೆಂತಾನೊ ಮೇಷ್ಟ್ರು. ಬೆಂಚಿನ ಮೇಲೆ ಹುಡುಗಿಯರು. ಒಬ್ಬಳು ಈ ಹಾಡಿನ ಹೆಸರಿನ ಅರ್ಥ ಕೇಳುತ್ತಾಳೆ. ಮೇಷ್ಟ್ರು ಗಂಭೀರವಾಗಿ, ಜಗತ್ತಿನಲ್ಲಿ ಯಾರಿಗೂ ಯಾರ ಮಾತೂ ತಲುಪುತ್ತಿಲ್ಲ ಅಂತೆಲ್ಲ ಹೇಳಿ, ಅದರ ಅರ್ಥ ಸಾರ್ವತ್ರಿಕ ಪ್ರೀತಿ ಅನ್ನುತ್ತಾನೆ. ಆಮೇಲೆ ಮೇಜಿನ ಮೇಲೆ ತಾಳ ಶುರು. ನೋಡಿ, ಅಲ್ಲೂ ಪ್ರವಚನ ಬಿಟ್ಟಿಲ್ಲ! ಆದರೆ ಇಲ್ಲಿ ಪ್ರವಚನವೂ ಒಂದು ವೇಷ, ತನ್ನನ್ನೇ ಗೇಲಿ ಮಾಡಿಕೊಳ್ಳುವ ಹಾಗಿದೆ, ಹಾಗಾಗಿ ಚೆಂದ. ಇದನ್ನು ರ‍್ಯಾಪಿನ ಅಜ್ಜ ಅಂತ ಕರೆಯುವವರಿದ್ದಾರೆ. ಅಷ್ಟು ದೂರ ನಾನು ಹೋಗುವುದಿಲ್ಲ. ಆದರೆ ಇಂದಿಗೂ ಸ್ಪೀಕರಿನಲ್ಲಿ ಹಾಕಿದರೆ ಕೂತವರ ಕಾಲು ಅಲ್ಲಾಡುತ್ತದೆ.

ಸಿನಿಮಾದಲ್ಲೂ ಇದೇ ಲೆಕ್ಕ. 1968ರಲ್ಲಿ ಪಿಯೆತ್ರೊ ಜೆರ್ಮಿ ಇವನನ್ನು 'ಸೆರಾಫೀನೊ' ಎಂಬ ಚಿತ್ರದಲ್ಲಿ ಬೆಟ್ಟದ ಕುರಿಗಾಹಿ ಮಾಡಿದ. ಮಾತು ಕಡಿಮೆ, ಮೈ ಜಾಸ್ತಿ. ಮರುವರ್ಷ ಮಾಸ್ಕೋ ಚಿತ್ರೋತ್ಸವದಲ್ಲಿ ಅದಕ್ಕೆ ಚಿನ್ನದ ಬಹುಮಾನ ಬಂತು. 1975ರಲ್ಲಿ ತಾನೇ ಬರೆದು, ನಿರ್ದೇಶಿಸಿ, ಹಾಡಿ, ನಟಿಸಿ 'ಯುಪ್ಪಿ ದು' ಮಾಡಿದ. ವೆನಿಸ್ಸಿನ ಬಡ ಬೋಟಿನವನ ಕಥೆ, ಷಾರ್ಲಟ್ ರ‍್ಯಾಂಪ್ಲಿಂಗ್ ಕೂಡ ಇದ್ದಾಳೆ. ಕಾನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಯಿತು. ಅರ್ಧ ಹುಚ್ಚು, ಅರ್ಧ ಅದ್ಭುತ, ಯಾವ ಅರ್ಧ ಯಾವುದು ಅಂತ ನೋಡಿದವರೇ ತೀರ್ಮಾನ ಮಾಡಬೇಕು. ಮರುವರ್ಷ 'ಬ್ಲಫ್', ಆಂಥನಿ ಕ್ವಿನ್ ಜೊತೆ ಮೋಸಗಾರರ ಕಥೆ. ಇದು ಶುದ್ಧ ಮಜಾ.

ಜನ ಮಾತ್ರ ನೆನಪಿಟ್ಟುಕೊಂಡದ್ದು 1980ರ 'ಇಲ್ ಬಿಸ್ಬೆತಿಕೊ ದೊಮಾತೊ'. ಕಾಸ್ತೆಲ್ಲಾನೊ ಮತ್ತು ಪೀಪೊಲೊ ಜೋಡಿಯ ನಿರ್ದೇಶನ. ಶೇಕ್ಸ್‌ಪಿಯರನ ಗಯ್ಯಾಳಿಯನ್ನು ಪಳಗಿಸುವ ನಾಟಕ ಗೊತ್ತಲ್ಲ, ನಮ್ಮಲ್ಲಿ ಪರ್ವತವಾಣಿಯವರ ಕೈಯಲ್ಲಿ ಕನ್ನಡಕ್ಕೆ ಬಂದು, ಆಮೇಲೆ ರಾಘವೇಂದ್ರ ರಾಜ್‌ಕುಮಾರ್, ಮಾಲಾಶ್ರೀ ಅವರ 'ನಂಜುಂಡಿ ಕಲ್ಯಾಣ'ದ ತನಕ ಬಂತಲ್ಲ, ಅದನ್ನೇ ಇಟಲಿಯವರು ತಿರುಗಿಸಿ ಹಾಕಿದರು. ಇಲ್ಲಿ ಗಯ್ಯಾಳಿ ಗಂಡಸು. ಎಲಿಯಾ ಎಂಬ ರೈತ, ಹೆಂಗಸರು ಅಂದರೆ ಆಗದು, ಒಬ್ಬನೇ ಇರುತ್ತಾನೆ, ಎದುರಿಗೆ ಬಂದವರಿಗೆಲ್ಲ ಸಿಡುಕು. ಮಳೆ ರಾತ್ರಿ ಕಾರು ಕೆಟ್ಟು ನಟಿ ಒರ್ನೆಲ್ಲಾ ಮೂತಿ ಬಾಗಿಲು ತಟ್ಟುತ್ತಾಳೆ. ಮುಂದೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಅವಳ ಮೇಲೆ ಮನಸ್ಸು ಹೋದಾಗೆಲ್ಲ ಇವನು ಕೊಡಲಿ ಎತ್ತಿಕೊಂಡು ಹೋಗಿ ಸೌದೆ ಸೀಳುವುದನ್ನು ನೋಡಿ ನಗದೇ ಇರಲಾಗುವುದಿಲ್ಲ. ರಾಶಿ ಬೆಳೆಯುತ್ತಾ ಹೋಗುತ್ತದೆ. ದ್ರಾಕ್ಷಿ ತುಳಿಯುವ ದೃಶ್ಯವನ್ನಂತೂ ಬೇರೆಯಾಗಿಯೇ ಹುಡುಕಿ ನೋಡಬೇಕು. ಪ್ಯಾಂಟು ಮಡಚಿ, ತೊಟ್ಟಿಯೊಳಗೆ ಹಣ್ಣಿನ ಮೇಲೆ ಮೊದಲು ಕೆಲಸದ ಹಾಗೆ ಹೆಜ್ಜೆ ಹಾಕುತ್ತಾನೆ. ಹೋಗ್ತಾ ಹೋಗ್ತಾ ಹೆಜ್ಜೆ ಕುಣಿತ ಆಗುತ್ತದೆ, ಎಲ್ಲಿ ಬದಲಾಯಿತು ಅಂತ ಗೊತ್ತೇ ಆಗುವುದಿಲ್ಲ. ಮುಖ ಮಾತ್ರ ಗಂಭೀರ. ಆಗ ಅವನಿಗೆ ನಲವತ್ತು ದಾಟಿತ್ತು, ಸ್ಪ್ರಿಂಗ್ ಸಡಿಲವಾಗಿರಲಿಲ್ಲ. ಮರುವರ್ಷ ಅದೇ ಜೋಡಿ ಮತ್ತೆ, ಈ ಸಲ ಅವನು ರೋಮಿನ ಬಸ್ ಡ್ರೈವರ್, ಅವಳು ರಾಜಕುಮಾರಿ.

ಸೋವಿಯತ್ ಒಕ್ಕೂಟದಲ್ಲಿ ಈ ಸಿನಿಮಾಗಳಿಗೆ ಕೋಟಿಗಟ್ಟಲೆ ಟಿಕೆಟ್ ಹರಿದವು. ನನ್ನ ಹಳೇ ಆಫೀಸಿನಲ್ಲಿ ಕೀವ್ ಕಡೆಯ ಒಬ್ಬರು ಇದ್ದರು. ನಮ್ಮ ರಾಜ್ ಕಪೂರ್ ಹೆಸರು ಹೇಳಿ ನನಗೆ ಖುಷಿ ಕೊಟ್ಟ ಮೇಲೆ, ಅದೇ ಉಸಿರಿನಲ್ಲಿ ಚೆಲೆಂತಾನೊ ಹೆಸರು ಹೇಳಿ ದ್ರಾಕ್ಷಿ ತುಳಿಯುವ ಹೆಜ್ಜೆಯನ್ನು ಪ್ಯಾಂಟ್ರಿಯಲ್ಲೇ ಮಾಡಿ ತೋರಿಸಿದರು. 1987ರಲ್ಲಿ ಚೆಲೆಂತಾನೊ ಮಾಸ್ಕೋಗೆ ಹೋದ. ವಿಮಾನ ಅಂದರೆ ಭಯ, ಹಾಗಾಗಿ ರೈಲಿನಲ್ಲಿ ಹೋದ.

ಮಾಸ್ಕೋಗೆ ತೆಗೆದುಕೊಂಡು ಹೋದ ಸಿನಿಮಾ ಯಾವುದು ಅಂದರೆ 'ಜೋನ್ ಲುಯಿ'. 1985ರದ್ದು. ಇಲ್ಲಿ ಅವನು ಹೆಚ್ಚುಕಡಿಮೆ ಯೇಸುವೇ. ರೈಲಿನಿಂದ ಇಳಿದು ಬಂದು, ಹಾಳಾದ ಜಗತ್ತಿಗೆ ಹಾಡಿನಲ್ಲೂ ಮಾತಿನಲ್ಲೂ ಬುದ್ಧಿ ಹೇಳುತ್ತಾನೆ. ದುಡ್ಡು ನೀರಿನ ಹಾಗೆ ಸುರಿದರು, ಬಂದದ್ದು ಅಷ್ಟಕ್ಕಷ್ಟೇ. ಎರಡು ವರ್ಷದ ಮೇಲೆ ಸರ್ಕಾರಿ ಟಿವಿ ತನ್ನ ಶನಿವಾರ ರಾತ್ರಿಯ ದೊಡ್ಡ ಕಾರ್ಯಕ್ರಮ 'ಫಾಂತಾಸ್ತಿಕೊ'ವನ್ನು ಇವನ ಕೈಗೆ ಕೊಟ್ಟಿತು. ಲಾಟರಿ, ಹುಡುಗಿಯರ ಕುಣಿತ, ಹಾಡು ಇರುವ ಕಾರ್ಯಕ್ರಮ. ಇವನು ಕ್ಯಾಮೆರಾ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದ. ಮಾತಿಲ್ಲ, ಹಾಡಿಲ್ಲ. ಲೈವ್. ದೇಶವೆಲ್ಲ ಇವನ ಮುಖ ನೋಡುತ್ತಾ ಕೂತಿರಬೇಕು. ಇದು ನನಗೆ ಇಷ್ಟ, ಬೆನ್ನು ತಿರುಗಿಸಿದ್ದಕ್ಕೆ ಇದು ತಮ್ಮ. ಆದರೆ ಮೌನ ಮುರಿದ ಮೇಲೆ ಉಪದೇಶ. ನವೆಂಬರ್ 8ರಂದು ದೇಶದಲ್ಲಿ ಜನಮತಗಣನೆ, ಅಣು ವಿದ್ಯುತ್ತು, ನ್ಯಾಯಾಧೀಶರ ಹೊಣೆ ಇಂಥ ಪ್ರಶ್ನೆಗಳು. ಹಿಂದಿನ ರಾತ್ರಿ ಇವನು ಟಿವಿಯಲ್ಲಿ ಬಂದು, ಮತಪತ್ರದ ಮೇಲೆ ಬೇಟೆ ಪ್ರೀತಿಗೆ ವಿರುದ್ಧ ಅಂತ ಬರೆಯಿರಿ ಅಂದ. ಮತಪತ್ರದಲ್ಲಿ ಬೇಟೆಯ ಪ್ರಶ್ನೆಯೇ ಇರಲಿಲ್ಲ. ಮೇಲೆ ಏನಾದರೂ ಗೀಚಿದರೆ ಮತ ಕುಲಗೆಡುತ್ತದೆ. ಸರ್ಕಾರಿ ಟಿವಿಯವರು ತಲೆ ಮೇಲೆ ಕೈ ಹೊತ್ತರು.

ಪ್ರಾಣಿಗಳ ಮೇಲೆ ಅವನ ಕರುಣೆ ನಿಜವಾದದ್ದು, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಕರುಣೆ ಇದ್ದ ಮಾತ್ರಕ್ಕೆ ಕಾರ್ಯಕ್ರಮ ಚೆನ್ನಾಗಿರಬೇಕು ಅಂತೇನಿಲ್ಲವಲ್ಲ.

ಎಲ್ಲರೂ ಇವನ ಕಥೆ ಮುಗಿಯಿತು ಅಂದುಕೊಂಡ ಹೊತ್ತಿಗೆ, 1998ರಲ್ಲಿ, ಮೀನಾ ಜೊತೆ ಒಂದು ಆಲ್ಬಂ ಬಂತು. ಮೀನಾ 1978ರಿಂದ ಜನರ ಮುಂದೆ ಬರುವುದನ್ನೇ ನಿಲ್ಲಿಸಿದ್ದಳು. ರೆಕಾರ್ಡಿನ ಮುಖಪುಟದಲ್ಲೂ ಇಬ್ಬರನ್ನೂ ಬಾತುಕೋಳಿಗಳ ಹಾಗೆ ಬರೆದಿದ್ದರು. ಹತ್ತು ಲಕ್ಷಕ್ಕೂ ಜಾಸ್ತಿ ಮಾರಿತು. ಮುಂದಿನ ವರ್ಷ 'ನನಗೆ ಪ್ರೀತಿಯ ಬಗ್ಗೆ ಮಾತಾಡೋಕೆ ಬರೋದಿಲ್ಲ' ಎಂಬ ಹೆಸರಿನ ಆಲ್ಬಂ, ಮೊಗೋಲ್ ಬರೆದ ಮಾತು, ಜಾನ್ನಿ ಬೆಲ್ಲಾ ಕಟ್ಟಿದ ರಾಗ. ಅದರಲ್ಲಿ ಒಂದು ಹಾಡು ಆಗಷ್ಟೇ ತೀರಿಹೋಗಿದ್ದ ಗಾಯಕ ಲೂಚೊ ಬತ್ತಿಸ್ತಿಯನ್ನು ನೆನೆದು ಕಟ್ಟಿದ್ದು. ದನಿ ಆಗ ಆಳವಾಗಿತ್ತು, ಸ್ವಲ್ಪ ಒರಟು, ಅರಚಾಟ ಇಲ್ಲ. ಆಲ್ಬಂ ಇನ್ನೂ ದೊಡ್ಡ ಹಿಟ್ಟು. ಬೇರೆಯವರು ಬರೆದದ್ದನ್ನು 'ಸರಿ' ಅಂತ ಹಾಡಿದಾಗ ಎಷ್ಟು ಚೆನ್ನಾಗಿ ಆಗುತ್ತದೆ ನೋಡಿ.

2005ರ 'ರಾಕ್‌ಪೊಲಿಟಿಕ್' ಕಾರ್ಯಕ್ರಮಕ್ಕೆ ಮಾತ್ರ ನಾನು ವಿನಾಯಿತಿ ಕೊಡುತ್ತೇನೆ. ಬೆರ್ಲುಸ್ಕೋನಿ ಪ್ರಧಾನಿಯಾಗಿದ್ದ ಕಾಲ. ಅವನ ಕೆಂಗಣ್ಣಿಗೆ ಬಿದ್ದು ಸರ್ಕಾರಿ ಟಿವಿಯಿಂದ ದೂರವಾಗಿದ್ದ ಪತ್ರಕರ್ತ ಮಿಕೇಲೆ ಸಾಂತೊರೊನನ್ನು ಚೆಲೆಂತಾನೊ ಅದೇ ಟಿವಿಯ ವೇದಿಕೆಗೆ ಕರೆಸಿದ. ಚಾನೆಲ್ಲಿನ ಮುಖ್ಯಸ್ಥ ಈ ಕಾರ್ಯಕ್ರಮದ ಹೊಣೆ ನನಗೆ ಬೇಡ ಅಂತ ತಾನೇ ಪಕ್ಕಕ್ಕೆ ಸರಿದ. ಜನ ಮುಗಿಬಿದ್ದು ನೋಡಿದರು. ಅಲ್ಲಿ ಇವನು ಮಾತಾಡಿದ್ದಕ್ಕಿಂತ ಮಾಡಿದ್ದು ದೊಡ್ಡದು. 2012ರ ಸಾನ್ರೆಮೊದಲ್ಲಿ ಹಾಗಾಗಲಿಲ್ಲ. ಕ್ಯಾಥೊಲಿಕ್ ಪತ್ರಿಕೆಗಳ ಹೆಸರು ಹಿಡಿದು ಬೈದ, ಸಭೆಯಲ್ಲಿ ಕೂಗಾಟ. ಅದೇ ವರ್ಷ ಅಕ್ಟೋಬರಿನಲ್ಲಿ ವೆರೋನಾದ ರೋಮನ್ ಕಾಲದ ಬಯಲು ರಂಗದಲ್ಲಿ ಎರಡು ರಾತ್ರಿ ಹಾಡಿದ. ಕೆಲವು ಸೀಟುಗಳಿಗೆ ಟಿಕೆಟ್ ಬರೀ ಒಂದು ಯೂರೊ.

2019ರಲ್ಲಿ ಟಿವಿಗೆ ಒಂದು ಕಾರ್ಟೂನ್ ಸರಣಿ ಮಾಡಿದ, ಹೆಸರು 'ಅದ್ರಿಯಾನ್'. ವರ್ಷಗಟ್ಟಲೆ ತಯಾರಿ. ಚಿತ್ರಕ್ಕೆ ಮೀಲೊ ಮನಾರಾ, ಸಂಗೀತಕ್ಕೆ ಆಸ್ಕರ್ ಗೆದ್ದ ನಿಕೋಲಾ ಪಿಯೊವಾನಿ. ಕಥೆ 2068ರ ಇಟಲಿಯಲ್ಲಿ. ನಾಯಕ ಒಬ್ಬ ಗಡಿಯಾರ ರಿಪೇರಿಯವನು. ಮನೆ ಎಲ್ಲಿ ಅಂತ ಕೇಳಬೇಡಿ, ವಿಯಾ ಗ್ಲುಕ್‌ನಲ್ಲೇ. ಸರ್ವಾಧಿಕಾರದ ವಿರುದ್ಧ ಹೋರಾಡಿ ಜನರನ್ನು ಎಚ್ಚರಿಸುತ್ತಾನೆ, ಎಲ್ಲ ಹೆಂಗಸರೂ ಅವನನ್ನು ಕಂಡರೆ ಕರಗುತ್ತಾರೆ. ನೋಡುಗರು ವಾರ ವಾರಕ್ಕೂ ಕರಗಿಹೋದರು, ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರೂ ಪ್ರಯೋಜನವಾಗಲಿಲ್ಲ. 1966ರಲ್ಲಿ ಅದೇ ಬೀದಿ, ಅದೇ ಹುಡುಗ, ಕೆಲವೇ ನಿಮಿಷದ ಹಾಡಿನಲ್ಲಿ ಗೆದ್ದಿದ್ದ. ಆಗ ಅವನು ಪ್ರಶ್ನೆ ಕೇಳುವ ಹುಡುಗನಾಗಿದ್ದ. ಇಲ್ಲಿ ಎಲ್ಲ ಉತ್ತರವೂ ಗೊತ್ತಿರುವ ಪ್ರವಾದಿ. ಅಂಗಳಕ್ಕಿಳಿದು ಮೈ ತೊಳೆಯುವ ಮಾತು ಇದರಲ್ಲಿ ಎಲ್ಲಿ ಬರಬೇಕು?

ಇಷ್ಟೆಲ್ಲ ಬೈದ ಮೇಲೂ ನಿಮಗೆ ಕೇಳಬೇಕು ಅನ್ನಿಸಿದರೆ, ಹೀಗೆ ಮಾಡಿ. ಮೊದಲು ಶಾಲೆ ಕೋಣೆಯ ವಿಡಿಯೊ, ಆಮೇಲೆ ಕನ್ನಡಿಯದ್ದು. ಅದಾದ ಮೇಲೆ ದ್ರಾಕ್ಷಿ ತುಳಿಯುವ ದೃಶ್ಯ, ಭಾಷೆ ಬೇಕಾಗಿಲ್ಲ. ವಿಯಾ ಗ್ಲುಕ್ ಹಾಡನ್ನು ಮಾತಿನ ಅರ್ಥ ಪಕ್ಕದಲ್ಲಿಟ್ಟುಕೊಂಡೇ ಕೇಳಿ, ಇದೊಂದಕ್ಕೆ ಆ ಶ್ರಮ ತೆಗೆದುಕೊಳ್ಳಬಹುದು. 'ಅದ್ಜುರ್ರೊ'ವನ್ನು ಪಾವೊಲೊ ಕೊಂತೆಯ ದನಿಯಲ್ಲೂ ಒಮ್ಮೆ ಕೇಳಿ. ಕಟ್ಟಿದವನು ಹಾಡಿದರೆ ಅದು ಸಿಗರೇಟಿನ ಹೊಗೆಯ ಹಾಡು, ಚೆಲೆಂತಾನೊ ಹಾಡಿದರೆ ಬಿಸಿಲಿನದು, ಯಾವುದು ಮೇಲು ಅಂತ ಕಾಮೆಂಟಿನಲ್ಲಿ ಜಗಳ ಆಡೋಣ. 'ಜೋನ್ ಲುಯಿ' ನೋಡಲೇಬೇಕು ಅನ್ನುವ ಹಟ ಇದ್ದವರು ನೋಡಿ, ಆದರೆ ಊಟ ಮುಗಿಸಿ ಕೂತುಕೊಳ್ಳಿ, ಬಹಳ ಉದ್ದ ಇದೆ.